ಯೂನಿಕ್ಸ್ ಬಳಕೆದಾರರ ಪಟ್ಟಿ: ಒಂದು ಪಾಠವಿಮರ್ಶೆ

ಹಲವರು ಕೂಡಿ ಬಳಸುವ ಗಣಕಯಂತ್ರದಲ್ಲಿ ಹೊಸಬರೊಬ್ಬರಿಗೆ ಪ್ರವೇಶ ಕಲ್ಪಿಸುವುದೆಂದರೆ ಒಂದು ಪಟ್ಟಿಗೆ ಒಂದು ಸಾಲನ್ನು ಸೇರಿಸುವುದು. ನೋಡುವುದಕ್ಕೆ ಇದು ಗುಮಾಸ್ತೆಯ ಕೆಲಸ. ಆದರೆ ಆ ಪಟ್ಟಿಯೂ ಒಂದು ಪಠ್ಯವೆಂಬುದನ್ನು ಮರೆಯಲಾಗದು. ಅದಕ್ಕೆ ಕರ್ತೃಗಳುಂಟು, ಆವೃತ್ತಿಗಳುಂಟು, ಪಾಠಾಂತರಗಳುಂಟು. ಕಾಲಾಂತರದಲ್ಲಿ ಬಂದು ಸೇರಿದ ಭಾಗಗಳುಂಟು. ಅರ್ಥ ಅಳಿದ ಮೇಲೂ ಸ್ಥಾನ ಬಿಡದ ಪದಗಳುಂಟು. ಹಸ್ತಪ್ರತಿಗಳ ಪರಿಶೀಲನೆಯಲ್ಲಿ ನಾವು ಕೇಳುವ ಪ್ರಶ್ನೆಗಳನ್ನೇ ಈ ಪಠ್ಯಕ್ಕೂ ಕೇಳಬಹುದು: ಇದರ ಮೂಲಸ್ವರೂಪವೇನು? ಯಾವ ಕಾರಣದಿಂದ ಬದಲಾಯಿತು? ಇದು ವ್ಯಕ್ತಿಯನ್ನು ಯಾವುದರಿಂದ ಗುರುತಿಸುತ್ತದೆ? ಇದರ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು?

ಈ ಪ್ರಶ್ನೆಗಳು ನಮಗೆ ಅನ್ಯವಲ್ಲ. ಓಲೆಗರಿಗಳ ಛಾಯಾಪ್ರತಿಗಳೂ ಲಿಪ್ಯಂತರಗಳೂ ಇಂದು ಗಣಕಯಂತ್ರಗಳಲ್ಲಿ ಶೇಖರವಾಗುತ್ತಿವೆ. ಒಂದು ಲಿಪ್ಯಂತರ ಯಾರ ಕೈಯದು ಎಂಬುದಕ್ಕೆ ಯಂತ್ರವು ನೀಡುವ ಸಾಕ್ಷ್ಯ ಕೊನೆಗೆ ಈ ಪಟ್ಟಿಯನ್ನೇ ಆಶ್ರಯಿಸಿರುತ್ತದೆ. ಪಟ್ಟಿ ಸಡಿಲವಾದರೆ ಕರ್ತೃತ್ವನಿರ್ಣಯವೂ ಸಡಿಲವಾಗುತ್ತದೆ. ಆದ್ದರಿಂದ ಇದನ್ನು ತಂತ್ರಜ್ಞರ ವಿಷಯವೆಂದು ಬದಿಗಿರಿಸದೆ, ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆಂದು ಭಾವಿಸಿ ಈ ಬರಹವನ್ನು ಸಿದ್ಧಪಡಿಸಿದೆ.

೧. ಸಾಲಿನ ರಚನೆ

ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಯೂನಿಕ್ಸ್ ವ್ಯವಸ್ಥೆಯಲ್ಲಿಯೂ ಅದರ ಮಾದರಿಯನ್ನು ಅನುಸರಿಸಿದ ಲಿನಕ್ಸ್ ಮೊದಲಾದವುಗಳಲ್ಲಿಯೂ ಇರುವ ಬಳಕೆದಾರರ ಪಟ್ಟಿ. ‘ಇಟಿಸಿ’ ಎಂಬ ಕೋಶದೊಳಗಿನ ಈ ಕಡತದ ಹೆಸರು ‘ಪಾಸ್‌ವರ್ಡ್’ ಎಂಬ ಇಂಗ್ಲಿಷ್ ಪದದ ನಡುವಿನಿಂದ ಎರಡು ಅಕ್ಷರಗಳನ್ನು ಲೋಪಿಸಿ ಮಾಡಿದ್ದು. ಇದು ಸಾಮಾನ್ಯ ಅಕ್ಷರಗಳಲ್ಲಿಯೇ ಬರೆದ ಕಡತ. ವಿಶೇಷ ಉಪಕರಣವಿಲ್ಲದೆ ಯಾರು ಬೇಕಾದರೂ ತೆರೆದು ಓದಬಹುದು. ಒಬ್ಬ ಬಳಕೆದಾರನಿಗೆ ಒಂದು ಸಾಲು. ಪ್ರತಿಯೊಂದು ಸಾಲಿನಲ್ಲಿಯೂ ಏಳು ಅಂಗಗಳು. ಅಂಗಗಳನ್ನು ಬೇರ್ಪಡಿಸುವುದು ಕೋಲನ್ ಎಂಬ ಎರಡು ಚುಕ್ಕೆಗಳ ಚಿಹ್ನೆ. ಆದುದರಿಂದಲೇ ಯಾವ ಅಂಗದ ಒಳಗೂ ಆ ಚಿಹ್ನೆ ಬರುವಂತಿಲ್ಲ.

ವ್ಯವಸ್ಥೆಯಲ್ಲಿ ಇದು ರೋಮನ್ ಅಕ್ಷರಗಳಲ್ಲಿ ಇರುತ್ತದೆ. ಓದುಗರ ಅನುಕೂಲಕ್ಕಾಗಿ ಕಲ್ಪಿತವಾದ ಒಂದು ಸಾಲನ್ನು ಕನ್ನಡ ಲಿಪಿಯಲ್ಲಿ ಇಲ್ಲಿ ಕೊಡುತ್ತೇವೆ:

ಲಿಪಿಕ:ಎಕ್ಸ್:೧೦೦೪:೧೦೦೪:ಲಿಪ್ಯಂತರ ವಿಭಾಗ:/ಹೋಮ್/ಲಿಪಿಕ:/ಬಿನ್/ಬ್ಯಾಷ್

ಮೊದಲನೆಯದು ಪ್ರವೇಶನಾಮ. ಎರಡನೆಯದು ಗುಪ್ತಪದದ ಸ್ಥಾನ. ಅಲ್ಲಿ ಈಗ ಗುಪ್ತಪದವಿಲ್ಲ, ‘ಎಕ್ಸ್’ ಎಂಬ ಒಂದು ಅಕ್ಷರ ಮಾತ್ರ ಇದೆ. ಮೂರನೆಯದು ಬಳಕೆದಾರನ ಸಂಖ್ಯೆ. ನಾಲ್ಕನೆಯದು ಅವನು ಸೇರಿದ ಗಣದ ಸಂಖ್ಯೆ. ಐದನೆಯದು ವಿವರಣೆ, ‘ಜಿಕಾಸ್’ ಎಂಬುದು ಅದರ ರೂಢನಾಮ. ಆರನೆಯದು ಅವನ ಕಡತಗಳಿರುವ ಮನೆ. ಏಳನೆಯದು ಪ್ರವೇಶವಾದ ಕೂಡಲೆ ಅವನಿಗಾಗಿ ನಡೆಯಬೇಕಾದ ಕ್ರಮವಿಧಿ. ಹೀಗೆ ಒಂದು ಸಾಲಿನಲ್ಲಿ ಹೆಸರು, ಗುಟ್ಟು, ಲೆಕ್ಕ, ಕುಲ, ಪರಿಚಯ, ವಾಸ, ವೃತ್ತಿ ಎಲ್ಲವೂ ಅಡಕವಾಗಿವೆ. ಸಂಕ್ಷೇಪದ ದೃಷ್ಟಿಯಿಂದ ಇದು ಶ್ಲಾಘ್ಯವಾದ ರಚನೆಯೆಂಬುದರಲ್ಲಿ ಸಂದೇಹವಿಲ್ಲ.

೨. ಪಾಠದ ಬೆಳವಣಿಗೆ

ಯೂನಿಕ್ಸನ್ನು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೬೯ರಿಂದ ರೂಪಿಸತೊಡಗಿದರು. ಅದರ ಮೊದಲ ಆವೃತ್ತಿಯ ಕೈಪಿಡಿಗೆ ೧೯೭೧ರ ನವೆಂಬರ್ ೩ರ ದಿನಾಂಕವಿದೆ. ಆ ಕೈಪಿಡಿಯಲ್ಲಿ ಈ ಪಟ್ಟಿಯ ಲಕ್ಷಣವನ್ನು ಹೇಳಿದೆ. ಆಗ ಅಂಗಗಳು ಐದೇ: ಹೆಸರು, ಗುಪ್ತಪದ, ಸಂಖ್ಯೆ, ಮನೆ, ಕ್ರಮವಿಧಿ. ೧೯೭೫ರ ಆರನೆಯ ಆವೃತ್ತಿಯ ವೇಳೆಗೆ ಗಣಸಂಖ್ಯೆಯೂ ವಿವರಣೆಯೂ ನಡುವೆ ಸೇರಿ ಏಳಾದವು. ಅಲ್ಲಿಂದ ಇಲ್ಲಿಯವರೆಗೆ ಅರ್ಧ ಶತಮಾನ ಕಳೆದಿದ್ದರೂ ಲಿನಕ್ಸ್ ಪ್ರತಿಗಳಲ್ಲಿ ಈ ಏಳರ ಕ್ರಮ ಕದಲಿಲ್ಲ. ಗಣಕಯಂತ್ರದ ಲೋಕದಲ್ಲಿ ಇಷ್ಟು ಸ್ಥಿರವಾದ ಪಾಠಗಳು ವಿರಳ.

ಕ್ರಮ ಕದಲದಿದ್ದರೂ ಅರ್ಥ ಕದಲಿದೆ. ಐದನೆಯ ಅಂಗ ಇದಕ್ಕೆ ಉತ್ತಮ ನಿದರ್ಶನ. ಜನರಲ್ ಎಲೆಕ್ಟ್ರಿಕ್ ಸಂಸ್ಥೆ ತನ್ನ ದೊಡ್ಡ ಗಣಕಗಳಿಗಾಗಿ ‘ಜಿಕಾಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮಾಡಿತ್ತು. ಆ ಸಂಸ್ಥೆಯ ಗಣಕ ವ್ಯವಹಾರ ೧೯೭೦ರಲ್ಲಿ ಹನಿವೆಲ್ ಸಂಸ್ಥೆಗೆ ಹೋಯಿತು. ಬೆಲ್ ಪ್ರಯೋಗಾಲಯದವರು ಮುದ್ರಣವೇ ಮುಂತಾದ ಕೆಲಸಗಳನ್ನು ತಮ್ಮ ಯೂನಿಕ್ಸ್ ಯಂತ್ರದಿಂದ ಆ ದೊಡ್ಡ ಯಂತ್ರಕ್ಕೆ ಕಳುಹಿಸುತ್ತಿದ್ದರು. ಹಾಗೆ ಕಳುಹಿಸುವಾಗ ಅಲ್ಲಿಯ ಲೆಕ್ಕದ ಗುರುತು ಬೇಕಾಗುತ್ತಿತ್ತು. ಅದನ್ನು ಬರೆದಿಡಲು ಈ ಅಂಗವನ್ನು ಕಲ್ಪಿಸಿದರು. ಆ ಯಂತ್ರ ಹೋಯಿತು, ಆ ಅಗತ್ಯವೂ ಹೋಯಿತು. ಅಂಗವೂ ಅದರ ಹೆಸರೂ ಉಳಿದವು. ಖಾಲಿಯಾದ ಸ್ಥಳದಲ್ಲಿ ಬಳಕೆದಾರನ ಪೂರ್ಣನಾಮ, ಕೊಠಡಿಯ ಸಂಖ್ಯೆ, ದೂರವಾಣಿ ಬಂದು ಕುಳಿತವು. ಈ ಅಂಗದಲ್ಲಿ ‘ಮತ್ತು’ ಎಂಬರ್ಥದ ಇಂಗ್ಲಿಷ್ ಚಿಹ್ನೆಯನ್ನು ಬರೆದರೆ ಅದನ್ನು ಪ್ರವೇಶನಾಮವೆಂದು ಓದಿಕೊಳ್ಳಬೇಕೆಂಬ ರೂಢಿ ಬರ್ಕ್ಲಿಯ ಯೂನಿಕ್ಸ್ ಪ್ರತಿಗಳಲ್ಲಿದೆ. ಲಿಪಿಕಾರರ ಸಂಕ್ಷೇಪಚಿಹ್ನೆಗಳನ್ನು ಬಲ್ಲವರಿಗೆ ಇದು ಪರಿಚಿತ ನಡೆಯೇ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಹಲವು ಯಂತ್ರಗಳಿಗೆ ಒಂದೇ ಪಟ್ಟಿಯನ್ನು ಒದಗಿಸುವ ಸೂಚೀಸೇವೆಗಾಗಿ ೧೯೯೮ರಲ್ಲಿ ಹೊಸ ಲಕ್ಷಣವನ್ನು ಬರೆದವರೂ ‘ಜಿಕಾಸ್’ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಅರ್ಥ ತಿಳಿಯದಿದ್ದರೂ ಮಾತೃಕೆಯಲ್ಲಿದ್ದುದನ್ನು ಬಿಡದೆ ನಕಲು ಮಾಡುವ ಲಿಪಿಕಾರನ ನಿಷ್ಠೆ ಇಲ್ಲಿಯೂ ಕಾಣುತ್ತದೆ. ಆ ನಿಷ್ಠೆಯಿಂದಲೇ ನಮಗೆ ಈ ಪಾಠದ ಚರಿತ್ರೆ ದೊರಕಿದೆ.

೩. ಗುಟ್ಟಿನ ಅಂಗ

ಎರಡನೆಯ ಅಂಗದ ಚರಿತ್ರೆ ಇದಕ್ಕಿಂತ ಗಂಭೀರವಾದುದು. ಯೂನಿಕ್ಸಿನ ಮೊದಲ ರೂಪದಲ್ಲಿ ಗುಪ್ತಪದವನ್ನು ಇದ್ದಂತೆಯೇ ಬರೆದಿಡುತ್ತಿದ್ದರು. ಅದರಿಂದಾಗಿ ಪಟ್ಟಿಯನ್ನು ಸಾಮಾನ್ಯರು ಓದದಂತೆ ಕಾಪಾಡಬೇಕಾಗಿತ್ತು. ಇಂತಹ ಕಾವಲು ಎಷ್ಟು ದುರ್ಬಲವೆಂಬುದಕ್ಕೆ ಅದಕ್ಕೂ ಹಿಂದಿನ ಒಂದು ಘಟನೆ ಪ್ರಸಿದ್ಧವಾಗಿದೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ನೇತೃತ್ವದಲ್ಲಿ ಸಿದ್ಧವಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ೧೯೬೧ರಲ್ಲಿ ಮೊದಲು ಪ್ರದರ್ಶಿಸಲಾಯಿತು. ಹಲವರು ಏಕಕಾಲದಲ್ಲಿ ಒಂದು ಯಂತ್ರವನ್ನು ಬಳಸಿದ ಆದ್ಯ ಪ್ರಯೋಗಗಳಲ್ಲಿ ಅದೂ ಒಂದು. ಅಲ್ಲಿ ಒಮ್ಮೆ ಒಬ್ಬ ನಿರ್ವಾಹಕ ಗುಪ್ತಪದಗಳ ಪಟ್ಟಿಯನ್ನು ತಿದ್ದುತ್ತಿದ್ದಾಗಲೇ ಮತ್ತೊಬ್ಬ ಪ್ರವೇಶಿಸಿದವರಿಗೆಲ್ಲ ಕಾಣಿಸುವ ದೈನಿಕ ಸೂಚನೆಯನ್ನು ತಿದ್ದುತ್ತಿದ್ದ. ಇಬ್ಬರೂ ವ್ಯವಸ್ಥೆಯ ಒಂದೇ ಕೋಶದಲ್ಲಿ ಕೆಲಸ ಮಾಡುತ್ತಿದ್ದರು. ತಿದ್ದುವ ಕ್ರಮವಿಧಿ ತಾತ್ಕಾಲಿಕ ಪ್ರತಿಗೆ ಯಾವಾಗಲೂ ಒಂದೇ ಹೆಸರನ್ನು ಕೊಡುತ್ತಿತ್ತು. ಎರಡು ಪ್ರತಿಗಳು ಅದಲುಬದಲಾದವು. ಪ್ರವೇಶಿಸಿದ ಪ್ರತಿಯೊಬ್ಬನಿಗೂ ಸೂಚನೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಮುದ್ರಿತವಾಗಿ ಬಂದಿತು. ಈ ಘಟನೆಯ ಕಾಲದ ಬಗೆಗೂ ಪಾಠಭೇದವಿದೆ: ಒಂದು ಬರಹ ಅದನ್ನು ೧೯೬೦ರ ದಶಕದ ಆರಂಭಕ್ಕೆ ಸೇರಿಸಿದರೆ, ಆ ವ್ಯವಸ್ಥೆಯಲ್ಲಿ ದುಡಿದವರ ಸ್ಮೃತಿ ೧೯೬೬ ಎನ್ನುತ್ತದೆ. ಕಾಲ ಯಾವುದಾದರೂ ಕಾರಣ ಸ್ಪಷ್ಟ. ಎರಡು ಗ್ರಂಥಗಳ ಬಿಡಿ ಓಲೆಗಳು ಒಂದೇ ಕಟ್ಟಿನಲ್ಲಿ ಬೆರೆತಾಗ ಆಗುವ ಅನರ್ಥವೇ ಅಲ್ಲಿ ಆದದ್ದು.

ಯೂನಿಕ್ಸಿನವರು ಇದರಿಂದ ಪಾಠ ಕಲಿತರು. ಗುಪ್ತಪದವನ್ನು ಹಿಂದಿರುಗಿ ಓದಲಾಗದ ಸಂಕೇತರೂಪಕ್ಕೆ ಮಾರ್ಪಡಿಸಿ ಬರೆಯತೊಡಗಿದರು. ಹಾಗಾದ ಮೇಲೆ ಪಟ್ಟಿಯನ್ನು ಮುಚ್ಚಿಡುವ ಅಗತ್ಯ ಕಾಣಲಿಲ್ಲ. ಅದು ಎಲ್ಲರೂ ಓದುವ ಪಠ್ಯವಾಯಿತು. ರಾಬರ್ಟ್ ಮಾರಿಸ್ ಮತ್ತು ಥಾಂಪ್ಸನ್ ೧೯೭೯ರಲ್ಲಿ ಈ ವಿಷಯವಾಗಿ ಪ್ರಕಟಿಸಿದ ಪ್ರಬಂಧದಲ್ಲಿ ಜನರು ಆರಿಸಿಕೊಂಡ ೩,೨೮೯ ಗುಪ್ತಪದಗಳ ಪರೀಕ್ಷೆಯಿದೆ. ಅವುಗಳಲ್ಲಿ ೨,೮೩೧, ಅಂದರೆ ನೂರಕ್ಕೆ ೮೬, ತೀರ ಚಿಕ್ಕವು ಅಥವಾ ನಿಘಂಟಿನಲ್ಲಿ ಸಿಗುವಂತಹವು. ಸಂಕೇತ ಬಲವಾಗಿದ್ದರೂ ಮೂಲಪದ ದುರ್ಬಲವಾದರೆ ಊಹಿಸಿ ಹೋಲಿಸಿ ನೋಡಬಹುದು. ಇದನ್ನು ಕಷ್ಟಗೊಳಿಸಲು ‘ಉಪ್ಪು’ ಎಂದು ಹೆಸರಿಟ್ಟ ೪,೦೯೬ ಬಗೆಯ ಬೆರಕೆಯೊಂದನ್ನು ಸೇರಿಸಿದರು. ಇದರಿಂದ ಇಬ್ಬರು ಒಂದೇ ಪದವನ್ನು ಆರಿಸಿಕೊಂಡರೂ ಪಟ್ಟಿಯಲ್ಲಿ ಅವು ಸಾಮಾನ್ಯವಾಗಿ ಬೇರೆಬೇರೆಯಾಗಿ ಕಾಣುತ್ತವೆ. ಯಂತ್ರಗಳ ವೇಗ ಹೆಚ್ಚಿದಂತೆ ಇದೂ ಸಾಲದಾಯಿತು. ೧೯೮೦ರ ದಶಕದ ಉತ್ತರಾರ್ಧದಲ್ಲಿ ಸಂಕೇತರೂಪವನ್ನು ಪಟ್ಟಿಯಿಂದ ಕಿತ್ತು ‘ಛಾಯೆ’ ಎಂಬರ್ಥದ ಹೆಸರಿನ ಮತ್ತೊಂದು ಕಡತದಲ್ಲಿ ಇಟ್ಟು ಮುಚ್ಚುವ ಪದ್ಧತಿ ಹಬ್ಬಿತು. ಮೂಲದಲ್ಲಿ ಉಳಿದದ್ದು ‘ಎಕ್ಸ್’ ಎಂಬ ಅಕ್ಷರ. ಓಲೆಯಲ್ಲಿ ತ್ರುಟಿತವಾದ ಭಾಗವನ್ನು ಸೂಚಿಸಲು ನಾವು ಹಾಕುವ ಚುಕ್ಕೆಗಳಂತೆ, ಇಲ್ಲಿ ಏನೋ ಇತ್ತೆಂದು ಅದು ಹೇಳುತ್ತದೆ.

ಆದರೆ ಹಳೆಯ ಪ್ರತಿಗಳು ನಾಶವಾಗಿರಲಿಲ್ಲ. ಬರ್ಕ್ಲಿ ಯೂನಿಕ್ಸಿನ ಮೂರನೆಯ ಆವೃತ್ತಿಯ ಮೂಲಕಡತಗಳ ನಡುವೆ ಅಂತಹ ಒಂದು ಪಟ್ಟಿ ಉಳಿದುಬಂದಿರುವುದು ೧೯೭೯–೮೦ರ ಸುಮಾರಿನ ಆ ಪ್ರತಿಯನ್ನು ೨೦೧೪ರಲ್ಲಿ ಪರಿಶೀಲಿಸಿದಾಗ ಗಮನಕ್ಕೆ ಬಂದಿತು. ಅದರಲ್ಲಿ ಥಾಂಪ್ಸನ್, ರಿಚಿ ಮೊದಲಾದ ಮೂಲಕರ್ತೃಗಳ ಸಾಲುಗಳೇ ಇದ್ದವು. ಅವುಗಳಲ್ಲಿ ಬಹುಪಾಲು ಬೇಗ ಬಿಡಿಸಲ್ಪಟ್ಟವು. ಥಾಂಪ್ಸನ್ನರದು ೨೦೧೯ರಲ್ಲಿ ಬಯಲಾಯಿತು: ಚದುರಂಗದಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ಆರಂಭದ ನಡೆ, ಹಳೆಯ ಸಂಕೇತಕ್ರಮದಲ್ಲಿ ಬರೆದದ್ದು. ಬರೆದವರು ಎಷ್ಟೇ ಜಾಣರಾದರೂ ಪ್ರತಿ ಉಳಿದಷ್ಟು ಕಾಲ ಅದನ್ನು ಓದುವ ಯತ್ನವೂ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೪. ಹೆಸರು ಮತ್ತು ಸಂಖ್ಯೆ

ಈಗ ಮುಖ್ಯ ವಿಚಾರಕ್ಕೆ ಬರೋಣ. ಸಾಲಿನ ಆರಂಭದಲ್ಲಿ ಹೆಸರಿರುವುದರಿಂದ ವ್ಯವಸ್ಥೆ ವ್ಯಕ್ತಿಯನ್ನು ಹೆಸರಿನಿಂದ ಗುರುತಿಸುತ್ತದೆಂದು ಯಾರಿಗಾದರೂ ತೋರುತ್ತದೆ. ಇದು ಸರಿಯಲ್ಲ. ಹೆಸರು ಬಾಗಿಲಲ್ಲಿ ಮಾತ್ರ ಬೇಕು. ಒಳಗೆ ಹೋದ ಮೇಲೆ ವ್ಯವಸ್ಥೆಗೆ ಗೊತ್ತಿರುವುದು ಮೂರನೆಯ ಅಂಗದ ಸಂಖ್ಯೆಯೊಂದೇ. ಬಳಕೆದಾರ ಒಂದು ಕಡತವನ್ನು ಸೃಷ್ಟಿಸಿದಾಗ ಆ ಕಡತದ ಮೇಲೆ ಬರೆಯಲ್ಪಡುವುದು ಅವನ ಹೆಸರಲ್ಲ, ಅವನ ಸಂಖ್ಯೆ. ಕಡತಗಳ ಯಾದಿಯನ್ನು ಕೇಳಿದಾಗ ಒಡೆಯನ ಹೆಸರು ಕಾಣುತ್ತದೆಯಷ್ಟೆ. ಆದರೆ ಆ ಕ್ಷಣದಲ್ಲಿ ಪಟ್ಟಿಯನ್ನು ತೆರೆದು, ಆ ಸಂಖ್ಯೆಯ ಸಾಲನ್ನು ಹುಡುಕಿ, ಅಲ್ಲಿರುವ ಹೆಸರನ್ನು ತಂದು ತೋರಿಸಿರುತ್ತಾರೆ. ಸಾಲು ಇಲ್ಲದಿದ್ದರೆ ಬರಿಯ ಸಂಖ್ಯೆ ಕಾಣುತ್ತದೆ. ನಾಮಾದಿ ನಿಕ್ಷೇಪಗಳ ವಿಚಾರದಲ್ಲಿ ಪರಿಶ್ರಮವಿರುವ ಓದುಗರಿಗೆ ನಾಮಮಾತ್ರದಿಂದ ವಸ್ತುನಿರ್ಣಯವಾಗದೆಂಬುದನ್ನು ವಿವರಿಸಬೇಕಾಗಿಲ್ಲ.

ಇದರಿಂದ ಹುಟ್ಟುವ ದೋಷವನ್ನು ಒಂದು ಉದಾಹರಣೆಯಿಂದ ನೋಡಬಹುದು. ೧೦೦೪ ಸಂಖ್ಯೆಯ ಲಿಪ್ಯಂತರಕಾರ ಕೆಲಸ ಬಿಟ್ಟು ಹೋದನೆಂದು ಇಟ್ಟುಕೊಳ್ಳೋಣ. ನಿರ್ವಾಹಕ ಅವನ ಸಾಲನ್ನು ಅಳಿಸುತ್ತಾನೆ, ಮನೆಯನ್ನೂ ಅಳಿಸಬಹುದು. ಆದರೆ ಮನೆಯ ಹೊರಗೆ, ಎಲ್ಲರೂ ಕೂಡಿ ಬಳಸುವ ಕೋಶಗಳಲ್ಲಿ, ಅವನು ಬರೆದ ಕಡತಗಳು ೧೦೦೪ ಎಂಬ ಗುರುತಿನೊಡನೆ ಉಳಿದೇ ಇರುತ್ತವೆ. ಇವನ್ನು ಹುಡುಕಿ ತೆಗೆಯುವ ಹೊಣೆ ನಿರ್ವಾಹಕನದೇ. ಮುಂದಿನ ತಿಂಗಳು ಹೊಸಬನೊಬ್ಬ ಬರುತ್ತಾನೆ. ಲಿನಕ್ಸಿನ ‘ಯೂಸರ್ಆಡ್’ ಎಂಬ ಆಜ್ಞೆಯ ನಿಯಮವೆಂದರೆ, ಸಾಮಾನ್ಯ ಬಳಕೆದಾರರಿಗೆ ಮೀಸಲಾದ ಸಂಖ್ಯೆಗಳಲ್ಲಿ ಸದ್ಯ ಪಟ್ಟಿಯಲ್ಲಿರುವ ಎಲ್ಲರಿಗಿಂತ ದೊಡ್ಡದಾದ ಮೊದಲ ಸಂಖ್ಯೆಯನ್ನು ಕೊಡುವುದು. ಅಳಿಸಿದವನದೇ ಕೊನೆಯ ಸಂಖ್ಯೆಯಾಗಿದ್ದರೆ ಹೊಸಬನಿಗೂ ೧೦೦೪ ಬರುತ್ತದೆ. ಡೆಬಿಯನ್ ಸಂಪ್ರದಾಯದ ‘ಆಡ್‌ಯೂಸರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಡುವೆ ತೆರವಾದ ಮೊದಲ ಸಂಖ್ಯೆಯನ್ನೇ ಆರಿಸುತ್ತದೆ. ಆ ಕ್ಷಣದಿಂದ ಹಿಂದಿನವನ ಕಡತಗಳೆಲ್ಲ ಹೊಸಬನ ಹೆಸರಿನಲ್ಲಿ ಕಾಣುತ್ತವೆ. ಅವನು ಅವನ್ನು ತಿದ್ದಬಲ್ಲ, ಅಳಿಸಬಲ್ಲ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಕದ್ದಿಲ್ಲ. ಆದರೂ ಕರ್ತೃತ್ವ ಒಬ್ಬನಿಂದ ಮತ್ತೊಬ್ಬನಿಗೆ ಜಾರಿದೆ. ಪುಷ್ಪಿಕೆಯಿಲ್ಲದ ಓಲೆಕಟ್ಟನ್ನು ಅದನ್ನು ಕೊನೆಗೆ ಇಟ್ಟುಕೊಂಡಿದ್ದವನ ಕೃತಿಯೆಂದು ಸೂಚಿಯಲ್ಲಿ ಬರೆದಂತೆ ಇದು.

ಇಲ್ಲಿ ಒಂದು ಶಂಕೆ ಏಳಬಹುದು: ಸಂಖ್ಯೆಗಳು ಪರಿಮಿತವಾದುದರಿಂದ ಮರಳಿ ಬಳಸುವುದು ಅನಿವಾರ್ಯವಲ್ಲವೆ? ಒಂದು ಕಾಲದಲ್ಲಿ ಇದು ನಿಜವಾಗಿತ್ತು. ಆರಂಭದ ಯೂನಿಕ್ಸ್ ಆವೃತ್ತಿಗಳಲ್ಲಿ ಕಡತದ ಒಡೆಯನ ಸಂಖ್ಯೆಗೆ ಒಂದೇ ಬೈಟಿನ ಸ್ಥಳವಿತ್ತು. ಅದರಲ್ಲಿ ೨೫೬ ಸಂಖ್ಯೆಗಳಿಗೆ ಮಾತ್ರ ಎಡೆ. ಮುಂದೆ ಎರಡು ಬೈಟುಗಳಾಗಿ ೬೫,೫೩೬ರವರೆಗೆ ಹೋಯಿತು. ಲಿನಕ್ಸಿನಲ್ಲಿ ೨೦೦೧ರ ೨.೪ನೆಯ ಆವೃತ್ತಿಯಿಂದ ನಾಲ್ಕು ಬೈಟುಗಳು. ಸಂಖ್ಯೆಗಳು ಸುಮಾರು ೪೨೯ ಕೋಟಿ. ಸಾಮಾನ್ಯ ಬಳಕೆದಾರರಿಗೆಂದು ರೂಢಿಯಲ್ಲಿ ಬಿಟ್ಟಿರುವ ೧೦೦೦ದಿಂದ ೬೦೦೦೦ದವರೆಗಿನ ಅವಕಾಶವೊಂದನ್ನೇ ತೆಗೆದುಕೊಂಡರೂ ೫೯,೦೦೧ ಸಂಖ್ಯೆಗಳಾದವು. ನಮ್ಮ ಪ್ರಮಾಣದ ಯಾವ ಸಂಸ್ಥೆಗೂ ಇದು ಬಹುಕಾಲ ಸಾಕು. ಹೀಗಿರುವಾಗ ಬಡತನದ ಕಾಲದ ಅಭ್ಯಾಸವನ್ನು ಸಮೃದ್ಧಿಯ ಕಾಲದಲ್ಲಿಯೂ ಮುಂದುವರಿಸಿರುವುದು ಸಮರ್ಥನೀಯವೆನಿಸದು.

ಸಂಖ್ಯೆಯೇ ಪ್ರಮಾಣವಾದುದರಿಂದ ಇನ್ನೆರಡು ತೊಡಕುಗಳುಂಟು. ಒಂದು, ಎರಡು ಸಾಲುಗಳಿಗೆ ಒಂದೇ ಸಂಖ್ಯೆಯಿದ್ದರೆ ಅವು ಇಬ್ಬರಲ್ಲ, ಎರಡು ಹೆಸರಿನ ಒಬ್ಬನೇ. ಸರ್ವಾಧಿಕಾರಿಯಾದ ‘ರೂಟ್’ ಸಂಖ್ಯೆ ಸೊನ್ನೆ. ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರನ್ನು ತಿರುಗಿಸಿ ಮಾಡಿದ ‘ಟೂರ್’ ಎಂಬ ಸಾಲಿಗೂ ಸೊನ್ನೆಯೇ ಸಂಖ್ಯೆ. ಇದು ಉದ್ದೇಶಪೂರ್ವಕ, ಆದರೆ ಅರಿಯದೆ ಆದಾಗ ಅನರ್ಥಕಾರಿ. ಎರಡು, ಒಂದು ಯಂತ್ರದ ೧೦೦೪ ಮತ್ತೊಂದು ಯಂತ್ರದ ೧೦೦೪ ಆಗಬೇಕೆಂದಿಲ್ಲ. ಕಡತಗಳನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ ಸಂಖ್ಯೆಯನ್ನು ಮಾತ್ರ ನಂಬಿದರೆ ಕರ್ತೃ ಬದಲಾಗುತ್ತಾನೆ. ‘ಟಾರ್’ ಎಂಬ ಕಟ್ಟಿನ ಈಗಿನ ರೂಪದಲ್ಲಿ ಹೆಸರು, ಸಂಖ್ಯೆ ಎರಡನ್ನೂ ಬರೆದಿಡುವ ಏರ್ಪಾಡು ಈ ತೊಡಕನ್ನು ಕಂಡೇ ಬಂದದ್ದು. ಈ ಏರ್ಪಾಡು ಪ್ರಶಂಸನೀಯ.

ಹೆಸರಿನ ವಿಷಯದಲ್ಲಿ ಕನ್ನಡಿಗರಾದ ನಮಗೆ ವಿಶೇಷವಾದ ಒಂದು ಕೊರತೆಯಿದೆ. ಪ್ರವೇಶನಾಮ ರೂಢಿಯಂತೆ ರೋಮನ್ ಸಣ್ಣಕ್ಷರಗಳಲ್ಲಿ ಇರಬೇಕು. ಉಚ್ಚಾರಣಾ ಚಿಹ್ನೆಗಳಿಗೆ ಎಡೆಯಿಲ್ಲ. ಹ್ರಸ್ವ-ದೀರ್ಘ, ನ-ಣ, ಲ-ಳ ಭೇದಗಳೆಲ್ಲ ಅಲ್ಲಿ ಲುಪ್ತವಾಗುತ್ತವೆ. ಕಮಲ ಎಂಬ ಪುರುಷನೂ ಕಮಲಾ ಎಂಬ ಸ್ತ್ರೀಯೂ ಒಂದೇ ಹೆಸರಿನವರಾಗುತ್ತಾರೆ. ಆಗ ಒಬ್ಬರ ಹೆಸರಿಗೆ ಅಂಕಿಯನ್ನೋ ಅಕ್ಷರವನ್ನೋ ಅಂಟಿಸಬೇಕಾಗುತ್ತದೆ. ವರ್ಷಗಳ ಮೇಲೆ ಓದುವವನಿಗೆ ಯಾರು ಯಾರೆಂಬುದು ತಿಳಿಯದು. ಐದನೆಯ ಅಂಗದಲ್ಲಿ ಕನ್ನಡ ಲಿಪಿಯಲ್ಲಿಯೇ ಪೂರ್ಣನಾಮವನ್ನು ಬರೆಯಲು ಇಂದಿನ ಲಿನಕ್ಸ್ ಪಟ್ಟಿಯಲ್ಲಿ ಅವಕಾಶವಿದೆ. ಹಿಂದೆ ಹೇಳಿದ ಸೂಚೀಸೇವೆಯ ಲಕ್ಷಣದಲ್ಲಿ ಮಾತ್ರ ‘ಜಿಕಾಸ್’ ಅಂಗಕ್ಕೆ ರೋಮನ್ ಅಕ್ಷರಗಳ ಮಿತಿಯನ್ನು ಹಾಕಿರುವುದು ಖೇದಕರ.

೫. ಸೇರಿಸುವ ಎರಡು ಸಂಪ್ರದಾಯಗಳು

ಪಟ್ಟಿಗೆ ಸಾಲನ್ನು ಕೈಯಿಂದಲೇ ಬರೆಯಬಹುದು. ಹಾಗೆ ಬರೆಯುವವರಿಗಾಗಿ ‘ವೈಪಿಡಬ್ಲ್ಯು’ ಎಂಬ ಉಪಕರಣವಿದೆ. ಒಬ್ಬ ತಿದ್ದುತ್ತಿರುವಾಗ ಮತ್ತೊಬ್ಬ ಅದೇ ಉಪಕರಣದಿಂದ ಕೈಹಾಕದಂತೆ ಅದು ಬೀಗ ಹಾಕುತ್ತದೆ. ಆದರೆ ಸಾಮಾನ್ಯವಾಗಿ ಆಜ್ಞೆಗಳ ಮೂಲಕವೇ ಸೇರಿಸುತ್ತಾರೆ. ಮೇಲೆ ಹೇಳಿದ ‘ಯೂಸರ್ಆಡ್’ ಮಿತಭಾಷಿ: ಹೇಳಿದಷ್ಟನ್ನು ಮಾಡಿ ಸುಮ್ಮನಾಗುತ್ತದೆ. ಡೆಬಿಯನ್ನಿನ ‘ಆಡ್‌ಯೂಸರ್’ ಪ್ರಶ್ನೆ ಕೇಳಿ, ಗುಪ್ತಪದ ಪಡೆದು, ಪೂರ್ಣನಾಮ ಮೊದಲಾದುವನ್ನು ವಿಚಾರಿಸಿ ಸಾಲನ್ನು ಪೂರ್ಣಗೊಳಿಸುತ್ತದೆ. ರೆಡ್‌ಹ್ಯಾಟ್ ಸಂಪ್ರದಾಯದಲ್ಲಿಯೂ ‘ಆಡ್‌ಯೂಸರ್’ ಎಂಬ ಹೆಸರುಂಟು. ಅಲ್ಲಿ ಅದು ‘ಯೂಸರ್ಆಡ್’ ಆಜ್ಞೆಗೆ ಪರ್ಯಾಯನಾಮ ಮಾತ್ರ. ಒಂದೇ ಹೆಸರಿನ ಎರಡು ಕೃತಿಗಳನ್ನು ಒಂದೆಂದು ತಿಳಿಯುವ ಭ್ರಮೆಗೆ ಇಲ್ಲಿ ಆಸ್ಪದವಿದೆ. ಮನೆಯ ವಿಷಯದಲ್ಲಿಯೂ ಭೇದವಿದೆ: ‘ಯೂಸರ್ಆಡ್’ ರೆಡ್‌ಹ್ಯಾಟಿನಲ್ಲಿ ಕೇಳದಿದ್ದರೂ ಮನೆಯನ್ನು ನಿರ್ಮಿಸುತ್ತದೆ, ಡೆಬಿಯನ್ನಿನಲ್ಲಿ ಕೇಳಿದರೆ ಮಾತ್ರ. ಸಂಖ್ಯೆಯ ಆರಂಭದಲ್ಲಿಯೂ ಹಾಗೆಯೇ: ರೆಡ್‌ಹ್ಯಾಟಿನವರು ಹಿಂದೆ ೫೦೦ರಿಂದ ಎಣಿಸುತ್ತಿದ್ದು, ೨೦೧೪ರ ಏಳನೆಯ ಆವೃತ್ತಿಯಿಂದ ೧೦೦೦ಕ್ಕೆ ಬದಲಾಯಿಸಿದರು. ಹಳೆಯ ಯಂತ್ರದಿಂದ ಬಂದ ಕಡತಗಳಲ್ಲಿ ೫೦೦ರ ಮೇಲಿನ ಸಂಖ್ಯೆಗಳು ಕಂಡರೆ ಈ ಕಾರಣವನ್ನು ನೆನೆಯಬೇಕು.

ಹೊಸ ಮನೆ ಬರಿದಾಗಿರುವುದಿಲ್ಲ. ‘ಸ್ಕೆಲ್’, ಅಂದರೆ ಅಸ್ಥಿಪಂಜರ, ಎಂಬ ಮಾದರಿಕೋಶದಲ್ಲಿರುವ ಕಡತಗಳನ್ನು ನಕಲು ಮಾಡಿ ಅಲ್ಲಿ ಇಡುತ್ತಾರೆ. ಈ ನಕಲು ಒಮ್ಮೆ ಮಾತ್ರ ನಡೆಯುತ್ತದೆ. ಅನಂತರ ಮಾದರಿಯನ್ನು ತಿದ್ದಿದರೆ ಆಮೇಲೆ ಬರುವವರಿಗೆ ತಿದ್ದಿದ ಪಾಠ ದೊರಕುತ್ತದೆ. ಮೊದಲೇ ಇದ್ದವರ ಬಳಿ ಹಳೆಯ ಪಾಠವೇ ಉಳಿಯುತ್ತದೆ. ಆದ್ದರಿಂದ ಮನೆಮನೆಯ ಕಡತಗಳನ್ನು ಹೋಲಿಸಿದರೆ ಯಾರು ಯಾವ ಅವಧಿಯಲ್ಲಿ ಸೇರಿದರೆಂಬುದನ್ನು ಸ್ಥೂಲವಾಗಿ ಊಹಿಸಬಹುದು. ಮಾತೃಕೆಯ ಸ್ಖಾಲಿತ್ಯಗಳಿಂದ ಪ್ರತಿಗಳ ಶಾಖೆಗಳನ್ನು ಗುರುತಿಸುವ ನಮ್ಮ ವಿಧಾನವೇ ಇಲ್ಲಿಯೂ ಸಲ್ಲುತ್ತದೆ.

೬. ಪುಷ್ಪಿಕೆಯ ಅಭಾವ

ಹೀಗೆ ಊಹಿಸಬೇಕಾದ ಅವಶ್ಯಕತೆಯೇ ಈ ಪಠ್ಯದ ಅತ್ಯಂತ ದೊಡ್ಡ ಕೊರತೆಯನ್ನು ಹೊರಗೆಡಹುತ್ತದೆ. ಏಳು ಅಂಗಗಳಲ್ಲಿ ಕಾಲವಿಲ್ಲ. ಈ ಸಾಲನ್ನು ಯಾರು, ಎಂದು, ಯಾರ ಅಪ್ಪಣೆಯಿಂದ ಬರೆದರೆಂಬುದಿಲ್ಲ. ಛಾಯೆಯ ಕಡತದಲ್ಲಿ ಒಂದು ದಿನಾಂಕವಿದೆ. ೧೯೭೦ರ ಜನವರಿ ೧ರಿಂದ ಎಣಿಸಿದ ದಿನಗಳ ಲೆಕ್ಕದಲ್ಲಿ ಅದು ಇರುತ್ತದೆ. ಆದರೆ ಅದು ಗುಪ್ತಪದವನ್ನು ಕೊನೆಯ ಬಾರಿ ಬದಲಾಯಿಸಿದ ದಿನ. ಬದಲಾಯಿಸಿದಾಗಲೆಲ್ಲ ಹಿಂದಿನ ದಿನ ಅಳಿಯುತ್ತದೆ. ವ್ಯವಸ್ಥೆಯ ದಿನಚರಿಯಲ್ಲಿ ಸೇರಿಸಿದ ದಿನದ ಉಲ್ಲೇಖ ಇರಬಹುದು. ಆದರೆ ದಿನಚರಿಗಳನ್ನು ಕೆಲಕಾಲದ ಮೇಲೆ ಅಳಿಸುವುದು ವಾಡಿಕೆ. ಅಳಿಸಿದ ಸಾಲಿನ ಗುರುತಂತೂ ಪಟ್ಟಿಯಲ್ಲಿ ಕಿಂಚಿತ್ತೂ ಉಳಿಯುವುದಿಲ್ಲ. ಇದ್ದವರನ್ನು ಮಾತ್ರ ಬಲ್ಲ, ಹೋದವರನ್ನು ಅರಿಯದ ಪಠ್ಯ ಇದು.

ನಿರ್ವಾಹಕ ಜಾಗರೂಕನಾದರೆ ಈ ದೋಷ ಬಾಧಿಸದು. ಇದು ವ್ಯಕ್ತಿಯ ದೋಷವೇ ಹೊರತು ಪಠ್ಯದ್ದಲ್ಲ ಎಂದು ಕೆಲವರು ಹೇಳಬಹುದು. ಈ ವಾದವನ್ನು ಪೂರ್ಣವಾಗಿ ಒಪ್ಪಲಾಗದು. ಎಚ್ಚರದಿಂದಿರುವವನು ಹೆಚ್ಚಿನ ಶ್ರಮಪಡಬೇಕಾದ, ಮೈಮರೆತವನಿಗೆ ಮರೆವನ್ನೇ ಸುಲಭಗೊಳಿಸುವ ವಿಧಾನವನ್ನು ನಿರ್ದೋಷವೆನ್ನುವುದು ಹೇಗೆ? ಪಟ್ಟಿಯನ್ನು ರಚಿಸಿದವರ ಕಾಲದಲ್ಲಿ ಬಳಕೆದಾರರು ಕೆಲವರೇ, ಪರಸ್ಪರ ಪರಿಚಿತರು, ಒಂದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದವರು. ಅವರಿಗೆ ಸ್ಮೃತಿಯೇ ಪುಷ್ಪಿಕೆಯಾಗಿತ್ತು. ಆ ಸ್ಮೃತಿಯಿಲ್ಲದ ಕಡೆಗೆ ಪಠ್ಯ ಹರಡಿದಾಗ ಕೊರತೆ ಬಯಲಿಗೆ ಬಂತು.

ಆದರೆ ಪರಿಹಾರ ಪಠ್ಯದ ಒಳ-ಹೊರಗಿನ ಸಾಮಗ್ರಿಯಲ್ಲಿಯೇ ದೊರಕುತ್ತದೆ. ಹೋದವನ ಸಾಲನ್ನು ಅಳಿಸದೆ ಬೀಗ ಹಾಕಬೇಕು. ಛಾಯೆಯ ಕಡತದಲ್ಲಿ ಸಂಕೇತರೂಪದ ಹಿಂದೆ ಉದ್ಗಾರಚಿಹ್ನೆಯನ್ನು ಸೇರಿಸಿದರೆ ಆ ಗುಪ್ತಪದದಿಂದ ಪ್ರವೇಶ ದೊರಕದು. ಬೇರೆ ಬಗೆಯ ಕೀಲಿಗಳಿಂದ ಒಳಬರುವ ದಾರಿ ಉಳಿದಿರಬಹುದಾದ್ದರಿಂದ ಖಾತೆಯ ಅವಧಿಯೇ ಮುಗಿದಿದೆಯೆಂದು ಅದೇ ಕಡತದಲ್ಲಿ ನಮೂದಿಸಬೇಕು; ಏಳನೆಯ ಅಂಗದಲ್ಲಿ ಪ್ರವೇಶವನ್ನು ನಿರಾಕರಿಸುವ ಕ್ರಮವಿಧಿಯನ್ನೂ ಇಡಬೇಕು. ಆಗ ಅವನು ಒಳಬರಲಾರ. ಅವನ ಸಂಖ್ಯೆ ಮಾತ್ರ ಅವನದಾಗಿಯೇ ಉಳಿಯುತ್ತದೆ. ಅವನ ಕಡತಗಳು ಅವನ ಹೆಸರನ್ನೇ ಹೇಳುತ್ತವೆ. ಇದರೊಡನೆ, ಸಂಖ್ಯೆ, ಪ್ರವೇಶನಾಮ, ಕನ್ನಡ ಲಿಪಿಯಲ್ಲಿ ಪೂರ್ಣನಾಮ, ಸೇರಿದ ದಿನ, ಹೋದ ದಿನ, ಅಪ್ಪಣೆ ಕೊಟ್ಟವರ ಹೆಸರು ಇಷ್ಟನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಹಸ್ತಪ್ರತಿಗಳ ಆಗಮನದ ವಹಿಯನ್ನು ಇಡುವ ಸಂಸ್ಥೆಗೆ ಇದೇನೂ ಹೊಸ ವಿದ್ಯೆಯಲ್ಲ. ಒಮ್ಮೆ ಒಂದು ಪ್ರತಿಗೆ ಕೊಟ್ಟ ಕ್ರಮಾಂಕವನ್ನು, ಆ ಪ್ರತಿ ಕಳೆದುಹೋದರೂ ಬೇರೊಂದಕ್ಕೆ ಕೊಡಬಾರದೆಂಬ ನಿಯಮವನ್ನು ವ್ಯಕ್ತಿಗಳ ಸಂಖ್ಯೆಗೂ ಅನ್ವಯಿಸಿದರೆ ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಸಬರಿಗೆ ಹೊಸ ಸಾಲು ಬರೆಯುವ ಶ್ರಮವನ್ನು ಉಳಿಸಲು ಒಂದೇ ಖಾತೆಯ ಗುಪ್ತಪದವನ್ನು ನಾಲ್ವರಿಗೆ ಹೇಳಿ ಕೆಲಸ ಮಾಡಿಸುವ ರೂಢಿ ಹಲವೆಡೆ ಇದೆ. ಲಿಪ್ಯಂತರ, ಶೋಧನೆ, ಪಾಠನಿರ್ಣಯ ಎಲ್ಲವೂ ಒಂದೇ ಹೆಸರಿನಲ್ಲಿ ನಡೆದರೆ ಯಾವ ತಿದ್ದುಪಡಿ ಯಾರದೆಂದು ಆಮೇಲೆ ಬಿಡಿಸುವುದು ಅಸಾಧ್ಯ. ಓಲೆಯಲ್ಲಿಯಾದರೆ ಅಕ್ಷರದ ಮಾಟ, ಕಂಠದ ಒತ್ತು, ಮಸಿಯ ಬಣ್ಣ ಕೈಯನ್ನು ಗುರುತಿಸಿಕೊಡುತ್ತವೆ. ಯಂತ್ರದ ಅಕ್ಷರಕ್ಕೆ ಕೈಯಿಲ್ಲ. ಅಲ್ಲಿ ಲಿಪಿಕಾರನನ್ನು ಹೇಳುವ ಏಕೈಕ ಸಾಧನ ಆ ಸಂಖ್ಯೆ. ಅದನ್ನು ಹಂಚಿಕೊಂಡರೆ ಸಾಕ್ಷ್ಯವನ್ನು ನಾವೇ ಅಳಿಸಿದಂತೆ. ಸಿಟಿಎಸ್‌ಎಸ್ ವ್ಯವಸ್ಥೆಯ ಅನರ್ಥಕ್ಕೂ ಇಬ್ಬರು ಒಂದೇ ಸ್ಥಾನದಲ್ಲಿ ನಿಂತು ಕೆಲಸ ಮಾಡಿದ್ದೇ ಮೂಲವೆಂಬುದನ್ನು ಇಲ್ಲಿ ಸ್ಮರಿಸಬೇಕು.

ಒಟ್ಟಿನಲ್ಲಿ ಈ ಪಟ್ಟಿಯ ಗುಣಗಳು ಎರಡು: ಯಾರು ಬೇಕಾದರೂ ಓದಬಲ್ಲ ಸರಳತೆ, ಐವತ್ತು ವರ್ಷ ಕದಲದ ಕ್ರಮ. ದೋಷಗಳೂ ಎರಡು: ಸಂಖ್ಯೆಯನ್ನು ಮರಳಿ ಬಳಸಲು ಬಿಡುವ ಔದಾಸೀನ್ಯ, ಕಾಲ ಮತ್ತು ಲಿಪಿಕಾರರ ಉಲ್ಲೇಖವಿಲ್ಲದಿರುವುದು. ಗುಣಗಳನ್ನು ಕೊಟ್ಟವರು ಕರ್ತೃಗಳು. ದೋಷಗಳನ್ನು ತುಂಬಿಕೊಡಬೇಕಾದವರು ಪ್ರತಿಯೊಂದು ಸಂಸ್ಥೆಯ ನಿರ್ವಾಹಕರು. ಗಣಕಯಂತ್ರದಲ್ಲಿ ಪ್ರತಿಗಳನ್ನು ಸಂರಕ್ಷಿಸುತ್ತಿರುವ ಗ್ರಂಥಭಂಡಾರಗಳವರು ತಮ್ಮ ತಮ್ಮ ಪಟ್ಟಿಗಳನ್ನು ಒಮ್ಮೆ ತೆರೆದು, ಒಡೆಯನಿಲ್ಲದ ಸಂಖ್ಯೆಗಳು ಕಡತಗಳ ಮೇಲೆ ಎಷ್ಟಿವೆಯೆಂದು ಪರಿಶೀಲಿಸುವುದು ಒಳಿತು. ಇದಕ್ಕೆ ಬೇಕಾದ ಆಜ್ಞೆ ವ್ಯವಸ್ಥೆಯಲ್ಲಿಯೇ ಇದೆ. ಅಂತಹ ಕಡತಗಳು ದೊರೆತರೆ, ಅವುಗಳನ್ನು ಬರೆದವರನ್ನು ಬಲ್ಲವರು ಇರುವಾಗಲೇ ವಿಚಾರಿಸಿ ಹೆಸರನ್ನು ದಾಖಲಿಸಿಡಬೇಕಾದುದು ಅವಶ್ಯ.